ಚಲನಚಿತ್ರ ಸಂಕಲನ
ಚಲನಚಿತ್ರ ಸಂಕಲನ: ಚಿತ್ರೀಕರಿಸಿದ ತುಣುಕುಗಳನ್ನು ಆಯ್ದು, ಕತ್ತರಿಸಿ, ಧ್ವನಿಯೊಡನೆ ಹೊಂದಿಸಿ, ಕಥೆಯ ಓಟಕ್ಕೆ ತಕ್ಕಂತೆ ಜೋಡಿಸುವ ಕಲೆ ಹಾಗೂ ತಂತ್ರ. ಕನ್ನಡ ವಾಕ್ಚಿತ್ರ 1934ರ ‘ಸತಿ ಸುಲೋಚನ’ದಿಂದ ಆರಂಭವಾಯಿತು, ಅನಂತರ ದಶಕಗಳ ಕಾಲ ಕನ್ನಡ ಚಿತ್ರಗಳ ಸಂಕಲನ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ನಡೆಯಿತು. ರೀಲನ್ನು ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಯಂತ್ರದಲ್ಲಿ ಹಿಂದೆ ಮುಂದೆ ಓಡಿಸಿ, ಚೌಕಟ್ಟು ಗುರುತಿಸಿ, ಕತ್ತರಿಸಿ ಅಂಟಿಸುತ್ತಿದ್ದರು. ನಿರ್ಧಾರ ಬದಲಾದರೆ ಅಂಟು ಬಿಡಿಸಿ ಮತ್ತೆ ಜೋಡಿಸಬೇಕಿತ್ತು. ಎಲ್ಲಿ ಕತ್ತರಿಸಬೇಕೆಂಬುದನ್ನು ಮೊದಲೇ ಯೋಚಿಸುವ ಶಿಸ್ತು ಆ ಪೀಳಿಗೆಗೆ ಬಂದದ್ದು ಇದರಿಂದಲೇ. ಕನ್ನಡಿಗ ಸಂಕಲನಕಾರರಲ್ಲಿ ಸುರೇಶ್ ಅರಸ್ ಪ್ರಮುಖರು. ಮಣಿರತ್ನಂ ನಿರ್ದೇಶನದ ‘ಬಾಂಬೆ’ (1995) ಚಿತ್ರಕ್ಕಾಗಿ ಅವರಿಗೆ ಅತ್ಯುತ್ತಮ ಸಂಕಲನದ ರಾಷ್ಟ್ರಪ್ರಶಸ್ತಿ ಸಂದಿದೆ. ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳಲ್ಲೂ ಸಂಕಲನಕಾರರಿಗೆ ಪ್ರತ್ಯೇಕ ವಿಭಾಗವಿದೆ.
1989ರಲ್ಲಿ ಅವಿಡ್ ಎಂಬ ಡಿಜಿಟಲ್ ಸಂಕಲನ ವ್ಯವಸ್ಥೆ ಬಂದ ಮೇಲೆ ಕೆಲಸ ಕ್ರಮೇಣ ಕಂಪ್ಯೂಟರಿಗೆ ಸರಿಯಿತು. ಇಂದು ಪ್ರೀಮಿಯರ್, ಫೈನಲ್ ಕಟ್, ಡಾವಿಂಚಿ ರಿಸಾಲ್ವ್ ತಂತ್ರಾಂಶಗಳು ಬಳಕೆಯಲ್ಲಿವೆ. ರಿಸಾಲ್ವ್‌ನ ಒಂದು ಆವೃತ್ತಿಯೂ ಅದರ ತರಬೇತಿ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಅಣ್ಣಿಗೇರಿಯಂಥ ಸಣ್ಣ ಊರಿನಲ್ಲೂ ಮದುವೆ, ಜಾತ್ರೆ, ಕಿರುಚಿತ್ರಗಳ ಸಂಕಲನವನ್ನು ಮನೆಯಲ್ಲೇ ಕಲಿಯಬಹುದು. ಸಂಕಲನದ ಆಲೋಚನೆಗೆ ಸಂಕಲನಕಾರ ವಾಲ್ಟರ್ ಮರ್ಚ್‌ರ ‘ಇನ್ ದ ಬ್ಲಿಂಕ್ ಆಫ್ ಆನ್ ಐ’ ಇಂದಿಗೂ ಬಹುಮುಖ್ಯ ಗ್ರಂಥ. ಅದರಲ್ಲಿ ಅವರು ಒಳ್ಳೆಯ ಕಟ್‌ನ ಆರು ಮಾನದಂಡಗಳಲ್ಲಿ ಭಾವಕ್ಕೆ ಮೊದಲ ಸ್ಥಾನ ನೀಡಿದ್ದಾರೆ.