ಕೂಡಿ ಕಳೆದ ಲೆಕ್ಕ

ಕಳೆದ ತಿಂಗಳು ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ನಾನು ಮೊದಲ ಸಾಲನ್ನಷ್ಟೇ ಓದಿದೆ: ಒಟ್ಟು ಕೊಲೆಸ್ಟರಾಲ್ 190. ಇನ್ನೂರರ ಒಳಗಿದೆಯಲ್ಲ ಎಂದು ಸಮಾಧಾನಪಟ್ಟು, ಕಾಗದವನ್ನು ಮಡಿಸಿ ಜೇಬಿಗೆ ಸೇರಿಸಿ, ಆ ಸಂತೋಷಕ್ಕೆ ಒಂದು ಮಸಾಲೆ ದೋಸೆಯನ್ನೂ ತಿಂದೆ. ಮರುದಿನ ಡಾಕ್ಟರು ಉಳಿದ ಸಾಲುಗಳನ್ನೂ ಓದಿದರು: ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 260, ಎಲ್‌ಡಿಎಲ್ 106. "ಸ್ವಾಮಿ, ನೀವು ಓದದೆ ಬಿಟ್ಟದ್ದರಲ್ಲೇ ಸಂಗತಿ ಇರುವುದು" ಎಂದರು. ಈ ಅಂಕಿಗಳ ಪೂರ್ವಕಥೆಯನ್ನು ನಾನು ಹುಡುಕಹೊರಟದ್ದು ಆಮೇಲೆ.

ಕೊಲೆಸ್ಟರಾಲನ್ನು ಮೊದಲು ಕಂಡದ್ದು ರಕ್ತದಲ್ಲಲ್ಲ, ಪಿತ್ತಕೋಶದ ಕಲ್ಲಿನಲ್ಲಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 19ನೆಯ ಶತಮಾನದ ಆದಿಯಲ್ಲಿ ಗ್ರೀಕಿನ 'ಪಿತ್ತ', 'ಘನ' ಎಂಬ ಪದಗಳನ್ನು ಕೂಡಿಸಿ ಅದಕ್ಕೆ ಹೆಸರಿಟ್ಟನು. 1910ರಲ್ಲಿ ಜರ್ಮನಿಯ ವಿಂಡಾಸ್, ಕೆಟ್ಟ ಮಹಾಧಮನಿಯ ಗೋಡೆಯಲ್ಲಿ ಅದು ಆರೋಗ್ಯದ ಗೋಡೆಗಿಂತ 20 ಪಟ್ಟಿಗೂ ಹೆಚ್ಚಿರುವುದನ್ನು ತೋರಿಸಿದನು. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅದೇ ಕೇಡನ್ನು ಉಂಟುಮಾಡಿದನು. ನಾಯಿ, ಇಲಿಗಳಲ್ಲಿ ಹಾಗಾಗಲಿಲ್ಲ. ಹುಲ್ಲು ತಿನ್ನುವ ಮೊಲದ ಸಾಕ್ಷ್ಯ ಮನುಷ್ಯನಿಗೇಕೆಂದು ಪಂಡಿತರು ಅದನ್ನು ಬದಿಗಿರಿಸಿದರು.

ಎಣ್ಣೆ ನೀರಿನಲ್ಲಿ ಬೆರೆಯದು. ಕೊಬ್ಬು ರಕ್ತದಲ್ಲಿ ಸಾಗಬೇಕಾದರೆ ಪ್ರೋಟೀನಿನ ಜೊತೆಗೂಡಿ ಸಣ್ಣ ಕಣಗಳಾಗಬೇಕು. ಅಮೆರಿಕದ ಗಾಫ್‌ಮನ್ ರಕ್ತದ ದ್ರವವನ್ನು ಅತಿವೇಗದಿಂದ ತಿರುಗಿಸಿ ಈ ಕಣಗಳನ್ನು ಹಗುರ, ಭಾರವೆಂದು ಬೇರ್ಪಡಿಸಿ, 1950ರಲ್ಲಿ ಅವಕ್ಕೂ ಹೃದ್ರೋಗಕ್ಕೂ ಇರುವ ನಂಟನ್ನು ಪ್ರಕಟಿಸಿದನು. ಎಲ್‌ಡಿಎಲ್ ಕಡಿಮೆ ಸಾಂದ್ರತೆಯ ಕಣ, ಧಮನಿಯ ಗೋಡೆಯಲ್ಲಿ ತಂಗುವುದು. ಎಚ್‌ಡಿಎಲ್ ಹೆಚ್ಚು ಸಾಂದ್ರತೆಯದು, ಕೊಲೆಸ್ಟರಾಲನ್ನು ಯಕೃತ್ತಿಗೆ ಮರಳಿಸಲು ನೆರವಾಗುವುದು. ಟ್ರೈಗ್ಲಿಸರೈಡ್ ಎಂಬ ಕೊಬ್ಬಿಗೆ ಇನ್ನೂ ಹಗುರವಾದ ಕಣಗಳೇ ವಾಹನ.

ಆದರೆ ಆ ಯಂತ್ರ ಊರೂರಿನ ಪ್ರಯೋಗಾಲಯಕ್ಕೆ ಎಟುಕುವಂಥದಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಒಂದು ಉಪಾಯ ಹೇಳಿದರು: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. 190ರಲ್ಲಿ 32 ಹೋಗಿ, 52 ಹೋಗಿ, 106. ನನ್ನ ಎಲ್‌ಡಿಎಲನ್ನು ಯಾರೂ ಅಳೆದಿರಲಿಲ್ಲ. ಗುಮಾಸ್ತನಂತೆ ಕಳೆದು ಬರೆದಿದ್ದರು! ಈಗ ನೇರವಾಗಿ ಅಳೆಯುವ ವಿಧಾನಗಳೂ ಇವೆ. ಆದರೂ ಹಲವು ವರದಿಗಳಲ್ಲಿ ಈ ಲೆಕ್ಕವೇ ನಡೆದಿದೆ. ಟ್ರೈಗ್ಲಿಸರೈಡ್ 400 ದಾಟಿದರೆ ಲೆಕ್ಕ ನಂಬಿಕೆಗೆ ಬಾರದು. ಅದಕ್ಕೆ ಮೊದಲೇ, ಅದು ಏರಿದಂತೆಲ್ಲ, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆಯಾಗಿ ತೋರಬಹುದು.

ಆದ್ದರಿಂದ ಡಾಕ್ಟರು ಇನ್ನೊಂದು ಕಳೆಯುವ ಲೆಕ್ಕ ಮಾಡಿದರು: ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದರೆ 158. ಧಮನಿಗೆ ಕೇಡು ಬಗೆಯುವ ಕಣಗಳೆಲ್ಲ ಅದರಲ್ಲಿ ಅಡಗಿವೆ. ಸಾಮಾನ್ಯವಾಗಿ ಅದು 130ರ ಒಳಗಿದ್ದರೆ ಕ್ಷೇಮ. ಎಚ್‌ಡಿಎಲ್ ತಗ್ಗಿ ಟ್ರೈಗ್ಲಿಸರೈಡ್ ಏರುವುದು ನಮ್ಮ ದೇಶದವರಲ್ಲಿ ಬಹಳ ಕಾಣುವ ಲಕ್ಷಣವಂತೆ. ಬೆಣ್ಣೆ ಬಿಟ್ಟೆವೆಂದು ಬೀಗುವ ನಾವು ತಟ್ಟೆ ತುಂಬ ಅನ್ನ, ಕಾಫಿಗೆ ಎರಡು ಚಮಚ ಸಕ್ಕರೆ, ದಿನವೆಲ್ಲ ಕುರ್ಚಿ — ಇವನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಹಾಗೆಂದು ಈ ಅಂಕಿ ತೀರ್ಪಲ್ಲ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 5,209 ಜನರನ್ನು ವರ್ಷಾನುವರ್ಷ ಗಮನಿಸತೊಡಗಿದ ವೈದ್ಯರು ಕಂಡುಕೊಂಡದ್ದು ಅಪಾಯದ ಸಂಭವವನ್ನು. ವಯಸ್ಸು, ರಕ್ತದೊತ್ತಡ, ಹೊಗೆಬತ್ತಿ ಎಲ್ಲವೂ ಅದರೊಡನೆ ಸೇರಬೇಕು. ಮೂರು ತಿಂಗಳ ಮೇಲೆ ನನಗೆ ಮತ್ತೆ ಪರೀಕ್ಷೆಯಿದೆ. ಈ ಸಲ ವರದಿಯನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ. ದೋಸೆಯ ಮಾತು ಆಮೇಲೆ.