ಅಲರ್ಜಿ ಎಂಬ ತಪ್ಪು ಹೆಸರು

ಮತ್ತೋಡಿನಲ್ಲಿರುವ ನನ್ನ ಸೋದರತ್ತೆಯ ಹಳೆಯ ಆಸ್ಪತ್ರೆ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಅನಸ್ತೇಷಿಯಾ ಅಲರ್ಜಿ’ ಎಂದು ಬರೆದಿದೆ. ಅರ್ಧ ಗಂಟೆಯ ಆಪರೇಷನ್ ಮುಗಿದ ಮೇಲೂ ನಾಲ್ಕು ಗಂಟೆ ಅವರನ್ನು ಯಂತ್ರವೇ ಉಸಿರಾಡಿಸಿತ್ತು. ಆ ಚೀಟಿಯ ಭಯಕ್ಕೆ ಈಗ ಕಣ್ಣಿನ ಪೊರೆ ತೆಗೆಸಲೂ ಒಪ್ಪುತ್ತಿಲ್ಲ. ವೈದ್ಯಕೀಯದ ಚರಿತ್ರೆ ಓದುತ್ತಿರುವ ನನಗೆ ಆ ಪದಗಳ ಮೇಲೆಯೇ ಅನುಮಾನ ಬಂತು.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ಹುಟ್ಟಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅರಿವಳಿಕೆಯ ಹೊತ್ತಿನಲ್ಲಿ ತೀವ್ರ ಅಲರ್ಜಿಯಾದರೆ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ, ದದ್ದು ಏಳುವುದೂ ಉಂಟು. ಖಚಿತಪಡಿಸಲು ಮೊದಲ ಕೆಲವು ಗಂಟೆಗಳಲ್ಲೇ ರಕ್ತದ ಟ್ರಿಪ್ಟೇಸ್ ಅಳೆದು, ಒಂದು ದಿನದ ನಂತರದ ಮಟ್ಟದೊಂದಿಗೆ ಹೋಲಿಸುತ್ತಾರೆ. ನಾಲ್ಕಾರು ವಾರ ಬಿಟ್ಟು, ಕೊಟ್ಟಿದ್ದ ಔಷಧಿಗಳನ್ನು ಒಂದೊಂದಾಗಿ ಚರ್ಮಕ್ಕೆ ಚುಚ್ಚಿ ನೋಡುತ್ತಾರೆ. ಅತ್ತೆಗೆ ದದ್ದೂ ಇರಲಿಲ್ಲ, ಒತ್ತಡವೂ ಕುಸಿದಿರಲಿಲ್ಲ.

ಅವರ ಕಥೆ ಬೇರೊಂದು ಚರಿತ್ರೆಗೆ ಸೇರಿದ್ದು. ಸ್ನಾಯುಗಳನ್ನು ಸಡಿಲಿಸುವ ಸಕ್ಸಮೆಥೋನಿಯಂ 1951ರಲ್ಲಿ ಬಳಕೆಗೆ ಬಂತು. ಕೋಲಿನೆಸ್ಟರೇಸ್ ಎಂಬ ರಕ್ತದ ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆದರೆ ಕೆಲವರಲ್ಲಿ ಔಷಧಿಯ ಪ್ರಭಾವ ಗಂಟೆಗಟ್ಟಲೆ ಇಳಿಯಲೇ ಇಲ್ಲ. 1957ರಲ್ಲಿ ಟೊರಾಂಟೊದ ವರ್ನರ್ ಕ್ಯಾಲೋ ಡಿಬುಕೇನ್ ಎಂಬ ರಾಸಾಯನಿಕ ಬಳಸಿ ದೋಷಯುಕ್ತ ಕಿಣ್ವವನ್ನು ಪತ್ತೆಹಚ್ಚುವ ಪರೀಕ್ಷೆ ರೂಪಿಸಿದ. ದೋಷ ವಂಶದಲ್ಲಿ ಹರಿದು ಬರುತ್ತದೆಂಬುದು ಸ್ಪಷ್ಟವಾಯಿತು.

ಆಂಧ್ರದ ವೈಶ್ಯರಲ್ಲಿ ಈ ಕಿಣ್ವದ ಕೊರತೆ ಹೆಚ್ಚೆಂದು 1979ರಲ್ಲಿ ವರದಿಯಾಯಿತು. 2006ರಲ್ಲಿ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಂದಿಗೆ ಸೇರಿ, ವೈಶ್ಯರಲ್ಲಿ ಅದಕ್ಕೆ ಕಾರಣವಾದ ಒಂದು ಜೀನ್ ಬದಲಾವಣೆಯನ್ನು ಪ್ರಕಟಿಸಿದರು. ನಾವೂ ಆರ್ಯವೈಶ್ಯರೇ. ತಲೆಮಾರುಗಳಿಂದ ಒಳಗೊಳಗೇ ಹೆಣ್ಣು ಕೊಟ್ಟು ತಂದವರು.

ಆದ್ದರಿಂದಲೇ ನಮ್ಮ ಕಡೆಯ ಕೆಲವು ಅರಿವಳಿಕೆ ತಜ್ಞರು ಆಪರೇಷನ್ನಿಗೆ ಮುಂಚೆ ಜಾತಿ ಕೇಳುತ್ತಾರೆ. ಕೇಳಿಸಿಕೊಳ್ಳುವವರಿಗೆ ಮುಜುಗರ, ಆದರೂ ಆ ಪ್ರಶ್ನೆ ಜೀವ ಉಳಿಸೀತು. ಹಾಗೆಂದು ಜಾತಿಯೇ ರೋಗನಿರ್ಣಯವಲ್ಲ. ಬಹುಪಾಲು ವೈಶ್ಯರಲ್ಲಿ ಕಿಣ್ವ ಸರಿಯಾಗಿಯೇ ಇದೆ; ಬೇರೆಯವರಲ್ಲೂ ಕೊರತೆ ಇರಬಹುದು. ತಿಳಿಯಲು ರಕ್ತಪರೀಕ್ಷೆಯೇ ದಾರಿ.

ಅತ್ತೆಯ ರಕ್ತ ಪರೀಕ್ಷೆ ಮಾಡಿಸಿದೆವು. ಕಿಣ್ವ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಪೊರೆ ತೆಗೆಯಲು ಆ ಔಷಧಿಯೇ ಬೇಕಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಅವರು ಸ್ವಲ್ಪ ಮೆತ್ತಗಾಗಿದ್ದಾರೆ.

ಇಂಥ ಕೊರತೆ ಇರುವವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ‘ಅಲರ್ಜಿ’ ಎಂದು ಬರೆದಿದ್ದರಿಂದ ಇಷ್ಟು ವರ್ಷ ಮನೆಯ ಬೇರಾರನ್ನೂ ಯಾರೂ ಪರೀಕ್ಷಿಸಲಿಲ್ಲ. ಅತ್ತೆಗೆ ಒಬ್ಬ ತಮ್ಮನಿದ್ದಾನೆ. ಅವನು ನನ್ನ ಅಪ್ಪ.