ಟಚ್‌ಸ್ಕ್ರೀನ್ ಮೇಜು: ಶಾಲೆಗೆ ಕೊಡಿಸೋ ಮುಂಚೆ ಇದನ್ನ ತಿಳ್ಕೊಳ್ಳಿ

ಊರಿನ ಶಾಲೆಗೆ ಏನಾದ್ರೂ ಕೊಡಿಸೋಣ ಅಂತ ಹಳೆ ವಿದ್ಯಾರ್ಥಿಗಳು, ಅಂಗಡಿ ಮಾಲೀಕರು ಸೇರಿದಾಗ ಸ್ಮಾರ್ಟ್ ಬೋರ್ಡ್ ಹೆಸರು ಬಂದೇ ಬರುತ್ತೆ. ಅದೇ ಸಾಲಿನ ಇನ್ನೊಂದು ಸಾಧನ ಟಚ್‌ಸ್ಕ್ರೀನ್ ಮೇಜು. ದುಬಾರಿ ವಸ್ತು. ಹಾಗಾಗಿ ದುಡ್ಡು ಹಾಕೋ ಮುಂಚೆ ಒಂದಷ್ಟು ಮಾಹಿತಿ ಇಲ್ಲಿದೆ.

ಏನಿದು?

ಮೇಜಿನ ಮೇಲ್ಭಾಗವೇ ಸ್ಕ್ರೀನ್. ನಾಲ್ಕೈದು ಮಕ್ಕಳು ಸುತ್ತ ನಿಂತು ಒಟ್ಟಿಗೇ ಮುಟ್ಟಿದರೂ ಎಲ್ಲರ ಬೆರಳನ್ನೂ ಗುರುತಿಸುತ್ತದೆ. ಬೋರ್ಡ್ ಆದರೆ ಒಬ್ಬಿಬ್ಬರು ಬರೆಯುತ್ತಾರೆ, ಉಳಿದವರು ನೋಡುತ್ತಾ ಕೂರುತ್ತಾರೆ. ವ್ಯತ್ಯಾಸ ಇರೋದು ಇಲ್ಲೇ.

ಮೈಕ್ರೋಸಾಫ್ಟ್ 2007ರಲ್ಲಿ 'ಸರ್ಫೇಸ್' ಎಂಬ 30 ಇಂಚಿನ ಮೇಜನ್ನು ಪ್ರಕಟಿಸಿತು. 2008ರಲ್ಲಿ ಕೆನಡಾದ ಸ್ಮಾರ್ಟ್ ಟೆಕ್ನಾಲಜೀಸ್ ಕಂಪನಿ ಚಿಕ್ಕ ಮಕ್ಕಳ ತರಗತಿಗೆಂದೇ 'ಸ್ಮಾರ್ಟ್ ಟೇಬಲ್' ತಂದಿತು. ಈ ಮೊದಲ ಮೇಜುಗಳಲ್ಲಿ ಬೆರಳು ಎಲ್ಲಿದೆ ಅಂತ ಪತ್ತೆ ಮಾಡ್ತಿದ್ದದ್ದು ಒಳಗಿನ ಇನ್‌ಫ್ರಾರೆಡ್ ಕ್ಯಾಮೆರಾ. ಇಂಥ ಮೇಜಿನ ಮೇಲೆ ನೇರ ಬಿಸಿಲು ಬಿದ್ದರೆ ಸ್ಪರ್ಶ ಸರಿಯಾಗಿ ಗೊತ್ತಾಗಲ್ಲ.

ಕಲಿಕೆಗೆ ಉಪಯೋಗ ಇದೆಯಾ?

ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ 400ಕ್ಕೂ ಹೆಚ್ಚು ಮಕ್ಕಳೊಂದಿಗೆ ಮೂರು ವರ್ಷ ಇದನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ತಿಳಿಸಿತು. ಹೆಚ್ಚಿನವರು 8ರಿಂದ 10 ವರ್ಷದವರು. ಒಂದು ಸಂಖ್ಯೆ ಕೊಟ್ಟು, ಅದು ಉತ್ತರವಾಗಿ ಬರುವಂಥ ಲೆಕ್ಕಗಳನ್ನು ಗುಂಪಾಗಿ ಕಟ್ಟಲು ಹೇಳುತ್ತಿದ್ದರು. ಉದಾಹರಣೆಗೆ 24 ಅಂದರೆ 20+4, 6×4, 30-6, ಹೀಗೆ. ಮೇಜಿನಲ್ಲಿ ಮಾಡಿದವರಲ್ಲಿ 45% ಮಕ್ಕಳು ಆಮೇಲೆ ಮೊದಲಿಗಿಂತ ಹೆಚ್ಚು ಬಗೆಯ ಲೆಕ್ಕ ಕಟ್ಟಿದರು. ಕಾಗದದಲ್ಲಿ ಮಾಡಿದವರಲ್ಲಿ ಈ ಪ್ರಮಾಣ 16%.

ಇಲ್ಲಿ ಗಮನಿಸಬೇಕಾದ್ದು, ಮಕ್ಕಳು ಒಬ್ಬರ ಲೆಕ್ಕ ಇನ್ನೊಬ್ಬರು ನೋಡಿ, ಮಾತಾಡಿ, ತಿದ್ದಿ ಕಲಿತರು. ಅದಕ್ಕೆ ತಕ್ಕ ಪಾಠವೂ ತಯಾರಿತ್ತು. ಬರೀ ಮೇಜು ತಂದಿಟ್ಟರೆ ಈ ಫಲ ಸಿಗಲ್ಲ.

ಕೊಡಿಸೋ ಮುಂಚೆ ಕೇಳಿ

• ಕನ್ನಡದಲ್ಲಿ, ನಮ್ಮ ಪಠ್ಯಕ್ಕೆ ಹೊಂದುವ ಪಾಠಗಳಿವೆಯಾ?
• ಒಮ್ಮೆಗೆ ಎಷ್ಟು ಬೆರಳು ಗುರುತಿಸುತ್ತೆ? ಮಕ್ಕಳನ್ನೇ ನಿಲ್ಲಿಸಿ ನೋಡಿ.
• ಶಿಕ್ಷಕರಿಗೆ ತರಬೇತಿ ಕೊಡೋರು ಯಾರು?
• ಕೆಟ್ಟರೆ ರಿಪೇರಿಗೆ ತಾಲ್ಲೂಕಿಗೇ ಬರ್ತಾರಾ? ಗ್ಯಾರಂಟಿ ಎಷ್ಟು ವರ್ಷ?
• ಕರೆಂಟ್ ಹೋದರೆ ಯುಪಿಎಸ್ ಇದೆಯಾ?
• ಬಿಸಿಲು, ಧೂಳು ತಾಗದ, ಬೀಗ ಹಾಕುವ ಕೋಣೆ ಇದೆಯಾ?

ಇವಕ್ಕೆ ಉತ್ತರ ಸಿಗದಿದ್ದರೆ ಅವಸರ ಬೇಡ. ಮೊದಲು ಶಿಕ್ಷಕರು, ಎಸ್‌ಡಿಎಂಸಿ ಜೊತೆ ಕೂತು ಮಾತಾಡಿ. ಅದೇ ದುಡ್ಡಲ್ಲಿ ಶಾಲೆಗೆ ಇನ್ನೇನು ಹೆಚ್ಚು ಬೇಕು ಅನ್ನೋದು ಅವರಿಗೇ ಗೊತ್ತು.